ಸದ್ದು ಅತ್ತ, ಕಿವಿ ಇತ್ತ

ನಮ್ಮ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಗಾಳಿ ಗಂಟೆಗೆ 89 ಕಿಲೋಮೀಟರ್ ಮುಟ್ಟಿತೆಂದರೆ ಅದು ತೀವ್ರ ಚಂಡಮಾರುತ. ಮೀನುಗಾರರು ಕಡಲಿಗಿಳಿಯುವಂತಿಲ್ಲ, ಮಕ್ಕಳಿಗೆ ಶಾಲೆಯಿಲ್ಲ, ಮನೆಯ ಮೇಲಿನ ಶೀಟು ಪಕ್ಕದ ಮನೆಯವರ ತೋಟದಲ್ಲಿ. ಕ್ಯಾಲಿಫೋರ್ನಿಯಾದ ಐ-5 ಹೆದ್ದಾರಿಯಲ್ಲಿ ನಮ್ಮ ಮೋಟರ್‌ಹೋಮು ಗಂಟೆಗೆ 65 ಮೈಲಿ, ಅಂದರೆ ಸುಮಾರು 105 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ಅದರೊಳಗೆ ಒಲೆಯಿದೆ, ಫ್ರಿಜ್ಜಿದೆ, ಬಚ್ಚಲಿದೆ, ಮಡಿಸಿಟ್ಟ ಹೊದಿಕೆಗಳಿವೆ, ದೇವರ ಪಟವೂ ಇದೆ. ಗಾಳಿ ಮನೆಯ ಮೇಲೆ ಬಂದರೇನು, ಮನೆಯೇ ಗಾಳಿಯ ಮೇಲೆ ನುಗ್ಗಿದರೇನು, ಭೌತಶಾಸ್ತ್ರಕ್ಕೆ ಎರಡೂ ಒಂದೇ. ರಜೆಯ ದಿನ ಬೆಳಿಗ್ಗೆ ಕಾಫಿ ಕುಡಿದು ನಾವಾಗಿಯೇ ಚಂಡಮಾರುತಕ್ಕೆ ಮನೆಯೊಡ್ಡಿ ಹೊರಟವರು, ಆಮೇಲೆ "ಇದೇನು ಸದ್ದು?" ಎಂದು ಮುಖ ಮುಖ ನೋಡಿಕೊಳ್ಳುತ್ತೇವೆ.

ಸದ್ದು ಮಾಡುವುದಕ್ಕೆ ಈ ವಾಹನಕ್ಕೆ ಹುಟ್ಟಿನಲ್ಲೇ ಕಾರಣವಿದೆ. ಅಮೆರಿಕದಲ್ಲಿ ಸಿ ಕ್ಲಾಸ್ ಎಂದು ಕರೆಯುವ ಮೋಟರ್‌ಹೋಮನ್ನು ಒಬ್ಬರೇ ಮಾಡುವುದಿಲ್ಲ. ಮುಂಭಾಗ, ಅಂದರೆ ಎಂಜಿನ್ನು, ಸ್ಟಿಯರಿಂಗು, ಎರಡು ಸೀಟು, ಎರಡು ಬಾಗಿಲು, ಇದು ವ್ಯಾನು ಕಂಪನಿಯದು. ಆ ಅರ್ಧ ವ್ಯಾನನ್ನು ಬೆನ್ನಿಲ್ಲದೆ ಬರೀ ಚಾಸಿಯ ಮೇಲೆ ಇನ್ನೊಂದು ಕಾರ್ಖಾನೆಗೆ ಕಳಿಸುತ್ತಾರೆ. ಅಲ್ಲಿ ಪ್ಲೈವುಡ್ಡು, ಥರ್ಮಾಕೋಲು, ಫೈಬರ್‌ಗ್ಲಾಸಿನ ಪೆಟ್ಟಿಗೆಯೊಂದನ್ನು ಕಟ್ಟಿ ಅದಕ್ಕೆ ಕೂಡಿಸುತ್ತಾರೆ. ಡ್ರೈವರ್ ತಲೆಯ ಮೇಲೆ ಚಾಚಿಕೊಂಡ ಅಟ್ಟದಲ್ಲಿ ಒಂದು ಹಾಸಿಗೆ. ಮುಂದಿನ ಅರ್ಧ ಮಾಡಿದವರು ಗಾಳಿಸುರಂಗದಲ್ಲಿ ಪರೀಕ್ಷೆ ಮಾಡಿದ ಎಂಜಿನಿಯರುಗಳು. ಹಿಂದಿನ ಅರ್ಧ ಮಾಡಿದವರು ಒಳ್ಳೆಯ ಬಡಗಿಗಳು. ಇಬ್ಬರ ಕೆಲಸವೂ ಚೊಕ್ಕ. ಆದರೆ ಬೆಸುಗೆ ಕೂಡಿದ ಗೆರೆ ಮಾತ್ರ ಇಬ್ಬರಿಗೂ ಸೇರಿದ್ದಲ್ಲ. ಆ ಗೆರೆ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಹಾದುಹೋಗುತ್ತದೆ.

ಎಂಜಿನ್ನಿನ ಅರ್ಧ ಭಾಗ ಸೀಟುಗಳ ನಡುವೆ ಒಳಕ್ಕೇ ಬಂದು ಕೂತಿರುತ್ತದೆ, ಮೇಲೊಂದು ಮುಚ್ಚಳ. ನಮ್ಮೂರಿನ ಹಳೇ ಬಸ್ಸುಗಳಲ್ಲಿ ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಟವೆಲು ಹಾಸಿಕೊಂಡು ಕೂತು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದರ ಬಿಸಿ ಕಾಲಿಗೆ, ಗುರುಗುಟ್ಟು ಕಿವಿಗೆ. ಉಳಿದ ಸದ್ದುಗಳನ್ನೆಲ್ಲ ಆ ಗುರುಗುಟ್ಟಿನಿಂದ ಬಿಡಿಸಿ ಕೇಳಬೇಕು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ.

ಮೊದಲು ಆರಿಸಬೇಕಾದದ್ದು ಅಡುಗೆಮನೆಯನ್ನು. ನಮ್ಮನೆಯವರಿಗೆ ವಾಹನದಲ್ಲಿ ಯಾವ ಸದ್ದು ಬಂದರೂ ಮೊದಲ ಅನುಮಾನ ನನ್ನ ಪಾತ್ರೆಗಳ ಮೇಲೆ. "ಅದು ನಿನ್ನ ಕುಕ್ಕರೇ ಕಣೇ." ಇದರಲ್ಲಿ ಸ್ವಲ್ಪ ನಿಜವಿಲ್ಲದಿಲ್ಲ. ಕುಕ್ಕರಿನ ವೆಯ್ಟು, ಸ್ಟೀಲು ತಟ್ಟೆಗಳು, ಒಗ್ಗರಣೆ ಡಬ್ಬಿಯೊಳಗಿನ ಬಟ್ಟಲುಗಳು, ಒಲೆಯ ಮೇಲಿನ ಕಬ್ಬಿಣದ ಜಾಲರಿ, ಮೈಕ್ರೋವೇವಿನ ಗಾಜಿನ ತಟ್ಟೆ, ಒಂದೊಂದಕ್ಕೂ ಒಂದೊಂದು ತಾಳ. ಹಳೇ ಕಾಟನ್ ಸೀರೆಯ ತುಂಡುಗಳನ್ನು ಎಲ್ಲದರ ಮಧ್ಯೆ ತುರುಕಿದೆ. ಜಾಲರಿ ತೆಗೆದು ಹೊದಿಕೆಯಲ್ಲಿ ಸುತ್ತಿಟ್ಟೆ. ಕುಕ್ಕರು ನಿರಪರಾಧಿಯೆಂದು ಸಾಬೀತಾದ ಮೇಲೂ ಮುಂದಿನಿಂದ ಒಂದು ಸಿಳ್ಳೆ, ಒಂದು ಕಿರಗುಟ್ಟು, ಡ್ಯಾಶ್‌ಬೋರ್ಡಿನ ಕೆಳಗೆಲ್ಲೋ ಒಂದು ಹಿಸ್ಸೆನ್ನುವ ಸದ್ದು ಉಳಿದೇ ಉಳಿದವು.

ಎಲ್ಲಿಂದ ಬರುತ್ತಿದೆ? ನಮ್ಮಿಬ್ಬರ ಜಗಳ ಇಲ್ಲಿಂದ ಶುರು. ಅವರು ಎಡಗಡೆ ಕಂಬದಿಂದ ಅನ್ನುತ್ತಾರೆ, ನಾನು ಬಲಗಡೆ ಬಾಗಿಲಿನಿಂದ ಅನ್ನುತ್ತೇನೆ. ಇಬ್ಬರೂ ಸುಳ್ಳಾಡುತ್ತಿಲ್ಲ. ಸದ್ದಿನ ದಿಕ್ಕನ್ನು ನಾವು ಹಿಡಿಯುವುದು ಹೇಗೆಂದು 1907ರಲ್ಲಿ ಇಂಗ್ಲೆಂಡಿನ ಲಾರ್ಡ್ ರೇಲೀ ವಿವರಿಸಿದರು. ದಪ್ಪ ದನಿಯಾದರೆ ಅದು ಒಂದು ಕಿವಿಗೆ ತುಸು ಮೊದಲು, ಇನ್ನೊಂದಕ್ಕೆ ತುಸು ತಡವಾಗಿ ಮುಟ್ಟುತ್ತದೆ. ಆ ಅಂತರ ಸೆಕೆಂಡಿನ ಸಾವಿರದಲ್ಲೊಂದು ಭಾಗವೂ ಇಲ್ಲ, ಆದರೂ ಮಿದುಳು ಅದನ್ನು ಅಳೆಯುತ್ತದೆ. ತೆಳು ದನಿಯಾದರೆ ತಲೆಯೇ ಅಡ್ಡ ಬಂದು ಆಚೆ ಕಿವಿಗೆ ಸದ್ದು ಕಡಿಮೆಯಾಗುತ್ತದೆ, ಅದೇ ಗುರುತು. ಎರಡೂ ಗುರುತು ಎಡ ಬಲ ಹೇಳುತ್ತವೆ. ಮುಂದೆಯೋ ಹಿಂದೆಯೋ, ಮೇಲೆಯೋ ಕೆಳಗೆಯೋ ಎನ್ನುವಲ್ಲಿ ಅವು ಅಷ್ಟಾಗಿ ನೆರವಾಗುವುದಿಲ್ಲ. ಕಣಜಗೂಬೆಗೆ ಒಂದು ಕಿವಿ ಮೇಲೆ, ಒಂದು ಕೆಳಗೆ. ಕತ್ತಲಲ್ಲೂ ಇಲಿ ಎಲ್ಲಿದೆಯೆಂದು ಅದಕ್ಕೆ ನಿಖರವಾಗಿ ತಿಳಿಯುತ್ತದೆ. ನಮಗೆ ಆ ಭಾಗ್ಯವಿಲ್ಲ. ಮೇಲಾಗಿ ಕ್ಯಾಬಿನ ಮೂರು ಕಡೆ ಗಾಜು. ಸಿಳ್ಳೆ ಗಾಜಿಗೆ ಬಡಿದು ಇನ್ನೊಂದು ಗಾಜಿಗೆ ಹಾರಿ ಕಿವಿಗೆ ಬರುವ ಹೊತ್ತಿಗೆ ಅದರ ತೌರುಮನೆ ಯಾವುದೆಂದು ಹೇಳುವವರಿಲ್ಲ.

ಹಾಗಾಗಿ ಕ್ಯಾಂಪ್‌ಗ್ರೌಂಡಿನಲ್ಲಿ ನಮ್ಮ ಕಷ್ಟ ಬಾಯಿಬಿಟ್ಟೆವು. ಮಡಚುವ ಕುರ್ಚಿಗಳಲ್ಲಿ ಕೂತು ಬಿಯರು ಹೀರುತ್ತಿದ್ದ ಹಿರಿಯರೆಲ್ಲ ಎದ್ದು ಬಂದರು. ಒಬ್ಬರು ಬೇರಿಂಗು ಅಂದರು. ಒಬ್ಬರು ಬೆಲ್ಟು ಅಂದರು. ಇನ್ನೊಬ್ಬರು ನಮ್ಮ ವಾಹನದ ಕಡೆ ನೋಡದೆಯೇ ಆಲ್ಟರ್ನೇಟರು ಅಂದರು. ಅವರ ಪೈಕಿ ಒಬ್ಬ ಹೆಂಗಸು ಮಾತ್ರ ಏನೂ ಅನ್ನದೆ ಒಂದಾದ ಮೇಲೊಂದು ಪ್ರಶ್ನೆ ಕೇಳಿದರು. ಸದ್ದು ವೇಗದ ಜೊತೆ ಏರುತ್ತದೋ, ಎಂಜಿನ್ನಿನ ಸುತ್ತಿನ ಜೊತೆ ಏರುತ್ತದೋ? ಗುಂಡಿಯಲ್ಲಿ ಮಾತ್ರ ಬರುತ್ತದೋ? ಫ್ಯಾನು ಆರಿಸಿದರೆ ನಿಲ್ಲುತ್ತದೋ? ಎದುರುಗಾಳಿಯಿದ್ದ ದಿನ ಜಾಸ್ತಿಯೋ? ಡಾಕ್ಟರ ಶಾಪಿನಲ್ಲಿ ಕೂತಂತೆ ನಾನು ಉತ್ತರ ಕೊಡುತ್ತ ಹೋದೆ. ಆಗ ಹೊಳೆಯಿತು. ಸದ್ದು ಎಲ್ಲಿಂದ ಎನ್ನುವುದು ಕೊನೆಯ ಪ್ರಶ್ನೆ, ಯಾವಾಗ ಎನ್ನುವುದು ಮೊದಲನೆಯದು. ಎಂಜಿನ್ನಿನ ಸುತ್ತಿಗೆ ಕುಣಿಯುವುದು ಎಂಜಿನ್ನಿನ ಸಂಸಾರದ್ದು. ಗುಂಡಿಗೆ ಬೆಚ್ಚುವುದು ಮರಗೆಲಸದ್ದು. ವೇಗಕ್ಕೆ ಏರಿ, ಗಾಳಿಯ ದಿಕ್ಕು ಬದಲಾದಾಗ ದನಿ ಬದಲಿಸುವುದು ಗಾಳಿಯದೇ. ಗಾಲಿಯ ಸದ್ದಿಗೆ ಗಾಳಿಯ ದಿಕ್ಕು ಕಟ್ಟಿಕೊಂಡು ಏನಾಗಬೇಕು?

ಸಿಳ್ಳೆ ಗಾಳಿಯದೆಂದು ಖಾತ್ರಿಯಾದ ಮೇಲೆ ಅಟ್ಟದ ಅಂಚು, ಕನ್ನಡಿಯ ಕಾಲು, ಬಾಗಿಲ ಸಂದು, ಗಾಜಿನ ಸುತ್ತಲಿನ ಪಟ್ಟಿ ಎಲ್ಲದಕ್ಕೂ ಟೇಪು ಅಂಟಿಸಿದೆವು. ಗೋಡೆಗೆ ಬಣ್ಣ ಬಳಿಯುವವರು ಅಂಚಿಗೆ ಹಚ್ಚುವ, ಸುಲಭವಾಗಿ ಕಿತ್ತುಬರುವ ನೀಲಿ ಟೇಪು. ಹಣೆಯಿಂದ ಕೆನ್ನೆಯವರೆಗೆ ಬ್ಯಾಂಡೇಜು ಸುತ್ತಿಸಿಕೊಂಡ ವಾಹನವನ್ನು ಹೆದ್ದಾರಿಗೆ ತಂದಾಗ ಸಿಳ್ಳೆ ಮಾಯ. ಆಮೇಲೆ ಒಂದೊಂದೇ ಟೇಪು ಕಿತ್ತು ಓಡಿಸಿ ನೋಡುವುದು. ನನ್ನ ಕಡೆ ಬಾಗಿಲಿನ ಮೇಲ್ಮೂಲೆಯ ಟೇಪು ಕಿತ್ತ ಕೂಡಲೇ ಸಿಳ್ಳೆ ವಾಪಸು ಬಂತು. ಬಲಗಡೆ ಎಂದು ನಾನು ಹೇಳಿದ್ದೆನಲ್ಲ ಎಂದು ಬಾಯಿಗೆ ಬಂತು, ಬಾಯಿಂದ ಹೊರಗೂ ಬಂತು.

ಆದರೆ ಆ ಮೂಲೆ ನಿಂತಾಗ ಪರೀಕ್ಷಿಸಿದರೆ ನಿರ್ದೋಷಿ. ಬೀಡಿಂಗಿನ ನಡುವೆ ಒಂದು ಡಾಲರ್ ನೋಟು ಇಟ್ಟು ಬಾಗಿಲು ಹಾಕಿ ಎಳೆದರೆ ಬಿಗಿಯಾಗಿಯೇ ಬರುತ್ತದೆ. ಮತ್ತೆ ಗಾಳಿ ನುಸುಳುವುದೆಲ್ಲಿ? ಮುಂದಿನ ಗಾಜಿಗೆ ಬಡಿದ ಗಾಳಿ ಪಕ್ಕದ ಕಂಬ ಸುತ್ತಿಕೊಂಡು ಹಿಂದಕ್ಕೆ ಓಡುವಾಗ ಅಲ್ಲಿ ಅದರ ವೇಗ ಹೆಚ್ಚು, ಒತ್ತಡ ಕಡಿಮೆ. ಒಳಗಿನ ಒತ್ತಡ ಬಾಗಿಲಿನ ಮೇಲ್ಚೌಕಟ್ಟನ್ನು ಹೊರಕ್ಕೆ ದೂಡುತ್ತದೆ. ಕಣ್ಣಿಗೆ ಕಾಣದಷ್ಟು ಚೌಕಟ್ಟು ಬಾಗುತ್ತದೆ, ಅಷ್ಟರಲ್ಲೇ ಬೀಡಿಂಗಿನ ಹಿಡಿತ ಸಡಿಲ. ಹೊರಗಿನ ಗಾಳಿ ಒಳಗೆ ನುಗ್ಗುತ್ತಿದೆಯೆಂದು ನಾವು ತಿಳಿದಿದ್ದೆವು. ಒಳಗಿನದೇ ಹೊರಗೆ ಹೋಗುತ್ತಿತ್ತು. ದಪ್ಪ ರಬ್ಬರಿನ ಹೊಸ ಬೀಡಿಂಗು ಅದನ್ನು ಸುಮ್ಮನಾಗಿಸಿತು.

ಇನ್ನೊಂದು ಸದ್ದು ಹಾಡಿನಂತಿತ್ತು, ಒಂದೇ ಸ್ವರ ಹಿಡಿದು ಎಳೆಯುವ ಹಾಡು. ವೇಗ ಹೆಚ್ಚಿಸಿದರೆ ಶ್ರುತಿಯೂ ಏರುತ್ತಿತ್ತು. ತಂತಿಗೋ ಕಡ್ಡಿಗೋ ಗಾಳಿ ಬಡಿದಾಗ ಅದರ ಹಿಂದೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಸುಳಿಗಳು ಕಳಚುತ್ತ ಹೋಗುತ್ತವೆ, ಆ ಸುಳಿಗಳ ಲಯವೇ ಸ್ವರ. ಬೊಹೀಮಿಯಾದಲ್ಲಿ ಹುಟ್ಟಿದ ವಿನ್ಸೆಂಕ್ ಸ್ಟ್ರೌಹಾಲ್ 1878ರಲ್ಲಿ ಇದರ ಲೆಕ್ಕ ಕೊಟ್ಟ. ಗಾಳಿಯ ವೇಗವನ್ನು ಕಡ್ಡಿಯ ದಪ್ಪದಿಂದ ಭಾಗಿಸಿ ಅದರ ಐದನೇ ಒಂದು ಭಾಗ ತೆಗೆದುಕೊಂಡರೆ ಸೆಕೆಂಡಿಗೆ ಎಷ್ಟು ಕಂಪನವೆಂದು ಸಿಗುತ್ತದೆ. ಆರು ಮಿಲಿಮೀಟರ್ ದಪ್ಪದ ಕಡ್ಡಿ ನಮ್ಮ 65 ಮೈಲಿ ವೇಗದಲ್ಲಿ ಸೆಕೆಂಡಿಗೆ ಸಾವಿರದ ಹತ್ತಿರ ಕಂಪಿಸುವ ಸ್ವರ ಹಾಡುತ್ತದೆ. ಕಾರುಗಳ ಆಂಟೆನಾದ ಮೇಲೆ ತೆಳ್ಳನೆಯ ಸುರುಳಿ ಸುತ್ತಿರುವುದು ಅಲಂಕಾರಕ್ಕಲ್ಲ. ಉದ್ದಕ್ಕೂ ಸುಳಿಗಳು ಒಂದೇ ಲಯದಲ್ಲಿ ಕಳಚದ ಹಾಗೆ ಆ ಸುರುಳಿ ಅವುಗಳ ಒಗ್ಗಟ್ಟು ಮುರಿಯುತ್ತದೆ. ಕಾರ್ಖಾನೆಯ ಎತ್ತರದ ಚಿಮಣಿಗಳಿಗೆ ಸುರುಳಿ ಪಟ್ಟಿ ಕಟ್ಟಿರುವುದೂ ಇದಕ್ಕೇ, ಅಲ್ಲಿ ಸ್ವರಕ್ಕಿಂತ ಅಲುಗಾಟದ ಭಯ. ನಮ್ಮ ಛಾವಣಿಯ ಸರಳಿಗೆ ನಾನು ಬಟ್ಟೆ ಒಣಹಾಕುವ ಹಗ್ಗವನ್ನೇ ಬಳ್ಳಿಯಂತೆ ಸುತ್ತಿದೆ. ಹಾಡು ನಿಂತಿತು. ನೋಡಿದವರು ಇದೇನು ಶಾಸ್ತ್ರವೋ ಎಂದುಕೊಂಡಿರಬಹುದು. ಹೌದು, ಶಾಸ್ತ್ರವೇ.

ಇಷ್ಟೆಲ್ಲ ಮಾಡುವ ತಾಳ್ಮೆಯಿಲ್ಲದವರಿಗೂ ಒಂದು ಮದ್ದಿದೆ, ಅದಕ್ಕೆ ಕಾಸು ಬೇಡ. ಮೈಮೇಲೆ ಹರಿಯುವ ಗಾಳಿ ಎಬ್ಬಿಸುವ ಸದ್ದಿನ ಶಕ್ತಿ ಹೆಚ್ಚುಕಡಿಮೆ ವೇಗದ ಆರನೇ ಘಾತದಂತೆ ಏರುತ್ತದೆ. ತಿರುಗಿಸಿ ಲೆಕ್ಕ ಹಾಕಿದರೆ, 65 ಮೈಲಿಯಿಂದ 55ಕ್ಕೆ ಇಳಿದರೆ ಅದು ಮೂರನೇ ಒಂದಕ್ಕೆ ಸಮೀಪ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಲಾರಿಗಳಿಗೆ 55ರ ಮಿತಿ ಹೇಗೂ ಇದೆ, ಅವುಗಳ ಹಿಂದೆ ನೆಮ್ಮದಿಯಾಗಿ ಹೋಗಬಹುದು. ಈ ಮದ್ದನ್ನು ನಮ್ಮನೆಯವರು ಮಾತ್ರ ಒಪ್ಪಿಲ್ಲ. ಸದ್ದು ತಾಳುತ್ತಾರೆ, ಲಾರಿಯ ಬೆನ್ನು ತಾಳುವುದಿಲ್ಲ.

ಸದ್ದಿನ ಬೆನ್ನು ಹತ್ತಿ ಹೋದವಳಿಗೆ ಗಾಳಿಯ ದಾರಿ ತಿಳಿಯುವ ಹುಚ್ಚು ಹಿಡಿಯಿತು. ಅದಕ್ಕೆ ನನ್ನ ಹತ್ತಿರ ಇದ್ದ ಉಪಕರಣ ಊದಿನಕಡ್ಡಿ. ಗ್ಯಾಸಿನ ಸಿಲಿಂಡರು ಬಂದ್ ಮಾಡಿ, ವಾಹನ ನಿಲ್ಲಿಸಿ, ಬ್ಲೋವರ್ ಹಾಕಿ, ಹೊಗೆ ಎತ್ತ ಬಾಗುತ್ತದೆಂದು ನೋಡುತ್ತ ಮೂಲೆ ಮೂಲೆ ತಿರುಗಿದೆ. ಮಂಗಳಾರತಿ ಎಂದು ಇವರು ನಕ್ಕರು. ವಾಹನಕ್ಕೆ ಹೊಸ ಗಾಳಿ ಬರುವುದು ವೈಪರಿನ ಬುಡದಲ್ಲಿರುವ ಜಾಲರಿಯಿಂದ. ಓಡುವಾಗ ಮುಂದಿನ ಗಾಜಿನ ಬುಡದಲ್ಲಿ ಗಾಳಿ ತಡೆದು ನಿಂತು ಒತ್ತಡ ಏರುವುದರಿಂದ ಬಾಯಿಗೆ ಅದೇ ಸರಿಯಾದ ಜಾಗ. ಒಣಗಿದ ಓಕ್ ಎಲೆಗಳು ಬರುವುದೂ ಅಲ್ಲಿಂದಲೇ. ಬ್ಲೋವರಿನ ರೆಕ್ಕೆಗೆ ಸಿಕ್ಕ ಒಂದು ಎಲೆ ಪರಪರ ಎನ್ನುತ್ತ ದೊಡ್ಡ ರಿಪೇರಿಯ ಭಯ ಹುಟ್ಟಿಸಬಲ್ಲದು. ಬಂದ ಗಾಳಿ ಹೊರಗೆ ಹೋಗಲು ಕಾರುಗಳಲ್ಲಿ ಹಿಂದೆ, ಬಂಪರಿನ ಮರೆಯಲ್ಲಿ, ರಬ್ಬರಿನ ಸಣ್ಣ ರೆಪ್ಪೆಗಳಿರುತ್ತವೆ. ಒಳಗೆ ಒತ್ತಡವಾದರೆ ತೆರೆಯುತ್ತವೆ, ಹೊರಗಿನಿಂದ ಒತ್ತಿದರೆ ಮುಚ್ಚುತ್ತವೆ. ಬೆನ್ನು ಕತ್ತರಿಸಿಕೊಂಡು ಬಂದ ನಮ್ಮ ವ್ಯಾನಿಗೆ ಆ ರೆಪ್ಪೆಗಳಿಲ್ಲ. ಹಿಂದಿನ ಪೆಟ್ಟಿಗೆ ಬಿಗಿಯಾಗಿದ್ದಷ್ಟೂ ಮುಂದಿನ ಗಾಳಿ ನಿಧಾನ. ಫ್ಯಾನು ಹಳತಾಯಿತೆಂದು ಜನ ಫ್ಯಾನು ಬದಲಿಸುತ್ತಾರೆ. ಹಿಂದಿನ ಬಚ್ಚಲ ಸೂರಿನ ಕಿಂಡಿಯನ್ನು ಎರಡು ಬೆರಳು ತೆರೆದು ನೋಡಿ, ಡ್ಯಾಶ್‌ಬೋರ್ಡಿನ ಗಾಳಿ ತಾನೇ ಚುರುಕಾಗುತ್ತದೆ. ಹೋಗಲು ದಾರಿಯಿಲ್ಲದ ಕಡೆಗೆ ಗಾಳಿ ಬರುವುದೂ ಇಲ್ಲ.

ಕಿಟಕಿಯ ವಿಷಯ ಇನ್ನೂ ತಮಾಷೆ. ಕೊರೋನಾ ಕಾಲದಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ಓಡುವ ಕಾರಿನೊಳಗೆ ಗಾಳಿ ಹೇಗೆ ಹರಿಯುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಗಂಟೆಗೆ 50 ಮೈಲಿ ವೇಗ, ಕಿಟಕಿಗಳೆಲ್ಲ ತೆರೆದಿವೆ. ಗಾಳಿ ಮುಂದಿನ ಕಿಟಕಿಯಿಂದ ಬಂದು ಹಿಂದೆ ಹೋಗಬೇಕು ಎಂದೇ ಎಲ್ಲರ ಊಹೆ. ಅವರಿಗೆ ಸಿಕ್ಕಿದ್ದು ಇದರ ಉಲ್ಟಾ. ಮುಂದಿನ ಕಿಟಕಿಯ ಹೊರಗೆ ಒತ್ತಡ ಕಡಿಮೆ, ಹಿಂದಿನದರ ಹೊರಗೆ ಅದಕ್ಕಿಂತ ಹೆಚ್ಚು. ಆದ್ದರಿಂದ ಹಿಂದಿನಿಂದ ಬಂದು ಮುಂದಿನಿಂದ ಹೋಗುತ್ತದೆ. ಒಂದೇ ಒಂದು ಹಿಂದಿನ ಕಿಟಕಿ ಇಳಿಸಿದಾಗ ಎದೆಗೆ ಗುದ್ದುವಂತೆ ದಬದಬ ಎನ್ನುವುದೂ ಗಾಳಿಯದೇ ಆಟ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಹೂಂಕರಿಸುವುದನ್ನು ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಅಧ್ಯಯನ ಮಾಡಿದ್ದ. ಇಲ್ಲಿ ಕಾರೇ ಬಾಟಲಿ, ನಾವು ಅದರೊಳಗೆ. ಇನ್ನೊಂದು ಕಿಟಕಿ ಒಂದಿಷ್ಟು ಇಳಿಸಿದರೆ ಅದು ತಣ್ಣಗಾಗುತ್ತದೆ.

ಉಳಿದದ್ದು ಹಿಸ್ಸೆನ್ನುವ ಸದ್ದು. ಇದರ ಜೊತೆಗೆ ಇನ್ನೊಂದು ವಿಚಿತ್ರವಿತ್ತು. ಐ-5ರಲ್ಲಿ ದಕ್ಷಿಣಕ್ಕೆ ಹೋಗುವಾಗ ಕಣಿವೆಯ ಬಯಲು ಮುಗಿದು ಗ್ರೇಪ್‌ವೈನ್ ಏರು ಶುರುವಾಗುತ್ತದೆ. ನೂರಕ್ಕೆ ಆರರ ಚಡಾವು, ತುದಿಯ ತೆಹೋನ್ ಕಣಿವೆದಾರಿ ನಾಲ್ಕು ಸಾವಿರ ಅಡಿಗೂ ಮೇಲೆ. ಎಂಜಿನ್ನು ಕಾಯದಿರಲು ಏಸಿ ಆರಿಸಿ ಎಂದು ರಸ್ತೆ ಬದಿಯ ಬೋರ್ಡೇ ಬುದ್ಧಿ ಹೇಳುತ್ತದೆ. ಬೇಸಿಗೆಯ ನಲವತ್ತು ಡಿಗ್ರಿಯಲ್ಲಿ ಇವರು ಆಕ್ಸಲರೇಟರು ಒತ್ತಿದ ಸ್ವಲ್ಪ ಹೊತ್ತಿಗೆ ನನ್ನ ಮುಖಕ್ಕೆ ಬರುತ್ತಿದ್ದ ತಣ್ಣನೆ ಗಾಳಿ ತಾನಾಗಿ ಮಾಯವಾಗಿ ಮುಂದಿನ ಗಾಜಿಗೆ ಹೊಡೆಯತೊಡಗುತ್ತದೆ. ಇಳಿಜಾರಿನಲ್ಲಿ ಮತ್ತೆ ಮುಖಕ್ಕೆ. "ರೀ, ಗಾಳಿ ಮೇಲೆ ಹೋಯ್ತು." "ಏರಲ್ವಾ, ಅದೂ ಏರ್ತಿದೆ."

ನಮ್ಮದರಂಥ ಹಳೇ ಅಮೆರಿಕನ್ ವ್ಯಾನುಗಳಲ್ಲಿ ಗಾಳಿಯನ್ನು ಮುಖಕ್ಕೆ, ಕಾಲಿಗೆ, ಗಾಜಿಗೆ ತಿರುಗಿಸುವ ಒಳಬಾಗಿಲುಗಳನ್ನು ನಡೆಸುವುದು ಕರೆಂಟಲ್ಲ, ಎಂಜಿನ್ನಿನ ಸೆಳೆತ. ಪೆಟ್ರೋಲು ಎಂಜಿನ್ನು ಉಸಿರೆಳೆದುಕೊಳ್ಳುವ ಕೊಳವೆಯಲ್ಲಿ ಆಕ್ಸಲರೇಟರು ಬಿಟ್ಟಾಗ ಒಳ್ಳೆಯ ಸೆಳೆತವಿರುತ್ತದೆ, ಪಾದರಸದ ಲೆಕ್ಕದಲ್ಲಿ ಇಪ್ಪತ್ತು ಅಂಗುಲದ ಹತ್ತಿರ. ಏರಿನಲ್ಲಿ ಆಕ್ಸಲರೇಟರು ಪೂರಾ ಒತ್ತಿದರೆ ಬಾಯಿ ಅಗಲ ತೆರೆದು ಸೆಳೆತ ಕುಸಿಯುತ್ತದೆ. ಎತ್ತರಕ್ಕೆ ಹೋದಷ್ಟೂ ಸಾವಿರ ಅಡಿಗೆ ಸುಮಾರು ಒಂದಂಗುಲ ಇನ್ನೂ ಕಡಿಮೆ. ಇದು ಗೊತ್ತಿದ್ದೇ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೆಳೆತವನ್ನು ಕೂಡಿಟ್ಟು, ಹಿಂದಕ್ಕೆ ಹೋಗದಂತೆ ಒಂದು ವಾಲ್ವು ಇಟ್ಟಿರುತ್ತಾರೆ. ದಾರಿಯಲ್ಲೆಲ್ಲೋ ಸೋರಿದರೆ ಕೂಡಿಟ್ಟದ್ದು ಖಾಲಿ, ಸ್ಪ್ರಿಂಗು ಒಳಬಾಗಿಲನ್ನು ಎಳೆದು ಗಾಳಿಯನ್ನು ಗಾಜಿಗೆ ಕಳಿಸುತ್ತದೆ. ಗಾಜಿಗೇ ಏಕೆ? ಕೆಟ್ಟು ನಿಲ್ಲುವುದಾದರೆ ಡ್ರೈವರಿಗೆ ರಸ್ತೆ ಕಾಣುವಂತೆ ಕೆಟ್ಟು ನಿಲ್ಲಲಿ ಎಂದು. ನನ್ನ ಮುಖ ಬೆವರಿದರೂ ಅವರ ಗಾಜು ಮಂಜಾಗಬಾರದು. ಇದನ್ನು ಯೋಚಿಸಿದ ಎಂಜಿನಿಯರು ಯಾರೋ, ಅವರಿಗೆ ನನ್ನ ನಮಸ್ಕಾರ.

ಹಿಸ್ಸೆನ್ನುವುದೂ ಗಾಳಿ ದಿಕ್ಕು ತಪ್ಪುವುದೂ ಒಂದೇ ರೋಗದ ಎರಡು ಲಕ್ಷಣ ಎಂದಾದ ಮೇಲೆ ಉಳಿದದ್ದು ತೂತು ಹುಡುಕುವುದು. 1816ರಲ್ಲಿ ಪ್ಯಾರಿಸ್ಸಿನ ಡಾಕ್ಟರು ಲೆನೆಕ್, ತರುಣಿಯೊಬ್ಬಳ ಎದೆಗೆ ಕಿವಿಯಿಡಲು ಸಂಕೋಚಪಟ್ಟು ಕಾಗದದ ಸುರುಳಿ ಮಾಡಿ ಆಲಿಸಿದ, ಸ್ಟೆತೊಸ್ಕೋಪು ಹುಟ್ಟಿತು. ನಾನು ತೋಟಕ್ಕೆ ನೀರು ಬಿಡುವ ಪೈಪಿನ ಒಂದು ಮೊಳ ಕತ್ತರಿಸಿ ಒಂದು ತುದಿ ಕಿವಿಗಿಟ್ಟೆ. ಎಂಜಿನ್ನು ನಿಂತಲ್ಲೇ ಓಡುತ್ತಿತ್ತು, ಬೆಲ್ಟಿನ ಕಡೆಗೆ ಕೈ ಹೋಗದಂತೆ ಎಚ್ಚರ. ಇನ್ನೊಂದು ತುದಿ ರಬ್ಬರಿನ ಕೊಳವೆಗಳ ಮೇಲೆ ಅಂಗುಲ ಅಂಗುಲ ಸರಿಯಿತು. ಬ್ಯಾಟರಿಯ ಹಿಂದಿನ ಒಂದು ಮೊಣಕೈ ತಿರುವಿನಲ್ಲಿ ಹಿಸ್ಸೆನ್ನುವುದು ಕಿವಿಯೊಳಗೇ ನುಗ್ಗಿತು. ಬಿಸಿಗೆ ಒಣಗಿ ಬಿರಿದ ಬೆರಳುದ್ದದ ರಬ್ಬರು. ಬಿರುಕಿಗೆ ಬೆರಳಿಟ್ಟೆ, ಸದ್ದು ನಿಂತಿತು. ಒಳಗೆ ಕೂತಿದ್ದವರು ಕೂಗಿದರು: "ಏನೇ ಮಾಡ್ದೆ? ಮುಖಕ್ಕೆ ಬಂತು!"

ಸದ್ದುಗಳೆಲ್ಲ ನಿಂತವೆಂದಲ್ಲ. ಅಟ್ಟದ ಮೂಲೆ ಈಗಲೂ ಕಿರಗುಟ್ಟುತ್ತದೆ. ಎರಡು ಹಲಗೆ ಅಂಟಿ, ಜಾರಿ, ಮತ್ತೆ ಅಂಟುವ ತಿಕ್ಕಾಟ. ಅದನ್ನು ಬಿಚ್ಚಿದರೆ ಸೂರೇ ಬಿಚ್ಚಬೇಕು, ಬಿಟ್ಟಿದ್ದೇನೆ. ವಿಚಿತ್ರವೆಂದರೆ ಏನೆಂದು ಗೊತ್ತಾದ ದಿನದಿಂದ ಅದು ನನ್ನನ್ನು ಕಾಡುವುದು ಬಿಟ್ಟಿದೆ. ಸದ್ದು ಅಷ್ಟೇ ಇದೆ, ಕಾರಣ ತಿಳಿಯದಿದ್ದುದರ ಕಿರಿಕಿರಿ ಹೋಗಿದೆ. ಇವರಿಗೆ ಬೇಕಾದದ್ದು ನಿಶ್ಶಬ್ದ, ನನಗೆ ಬೇಕಾದದ್ದು ಉತ್ತರ. ಉತ್ತರ ಅಗ್ಗ, ಸಿಗುವ ಸಂಭವವೂ ಹೆಚ್ಚು.

ಆದರೆ ಗಾಳಿಯ ವಿಷಯದಲ್ಲಿ ಕಿವಿಯನ್ನು ಇಷ್ಟು ಹೊಗಳಿದ ಮೇಲೆ ಅದರ ಕೈಮೀರಿದ ಒಂದನ್ನು ಹೇಳಲೇಬೇಕು. ಚಪ್ಪಟೆ ಬೆನ್ನಿನ ದೊಡ್ಡ ವಾಹನದ ಹಿಂದೆ ಒತ್ತಡ ಕಡಿಮೆಯಿರುತ್ತದೆ, ನೆಲದ ಧೂಳು ಅಲ್ಲಿಗೆ ಸುರುಳಿಯಾಗಿ ಏರುತ್ತದೆ. ಮಣ್ಣುರಸ್ತೆಯ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಬಂದವರ ಹುಬ್ಬು ಬೆಳ್ಳಗಾಗುತ್ತಿದ್ದುದು ಹಾಗೆಯೇ. ಧೂಳು ಬರುವ ದಾರಿಯಲ್ಲಿ ಹೊಗೆಯೂ ಬರುತ್ತದೆ, ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡು. ಬಣ್ಣವಿಲ್ಲ, ವಾಸನೆಯಿಲ್ಲ, ಸದ್ದಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಬಿಗಿಯಾಗಿ ಹಿಡಿಯುತ್ತದೆ. ಆದ್ದರಿಂದ ಓಡುವಾಗ ಹಿಂದಿನ ಕಿಟಕಿ ತೆರೆಯುವುದಿಲ್ಲ, ಮುಂದಿನ ಬ್ಲೋವರು ಹೊರಗಿನ ಗಾಳಿಯನ್ನೇ ತರಬೇಕು. ಬಚ್ಚಲ ಕಿಂಡಿ ತೆರೆಯುವುದೂ ಬ್ಲೋವರು ಜೋರಾಗಿದ್ದಾಗ ಮಾತ್ರ, ಅದೂ ಎರಡೇ ಬೆರಳು. ಒಳಗಿನ ಒತ್ತಡ ಕೊಂಚ ಹೆಚ್ಚಿದ್ದರೆ ಹೊಗೆಗೆ ಒಳದಾರಿಯಿಲ್ಲ. ಅದರ ಮೇಲೆ ಒಂದು ಅಲಾರಂ.

ಆ ಅಲಾರಮ್ಮೇ ಆಗಾಗ ಕಿಚ್ ಎಂದು ನಮ್ಮನ್ನು ಗೋಳಾಡಿಸಿದ ಕೊನೆಯ ಸದ್ದು. ಕ್ಷಣಮಾತ್ರದ, ಒಂದೇ ತೆಳು ಸ್ವರದ ಕೂಗು. ರೇಲೀ ಹೇಳಿದ ಎರಡೂ ಗುರುತು ಸರಿಯಾಗಿ ದಕ್ಕದ ಎಡೆ ಅದು. ಫ್ರಿಜ್ಜು, ಹಾಸಿಗೆ, ಕಪಾಟು, ಕೊನೆಗೆ ಕುಕ್ಕರು ಕೂಡ ಮತ್ತೊಮ್ಮೆ ವಿಚಾರಣೆಗೊಳಪಟ್ಟಿತು. ಅಲಾರಮ್ಮಿನೊಳಗಿನ ಸಂವೇದಕಕ್ಕೆ ಕೆಲವೇ ವರ್ಷದ ಆಯಸ್ಸು, ಮುಗಿದಾಗ ತಾನೇ ಹೀಗೆ ಹೇಳಿಕೊಳ್ಳುತ್ತದೆ. ಹೊಸದನ್ನು ತಂದು ಹಾಸಿಗೆಯ ಪಕ್ಕದ ಗೋಡೆಗೆ ಹಾಕಿದೆವು. ಈಗ ಪ್ರತಿ ಸಲ ಹೊರಡುವ ಮುಂಚೆ ಅದರ ಗುಂಡಿ ಒತ್ತುವುದು ನನ್ನ ಕೆಲಸ. ಕಿವಿ ಸೀಳುವಂತೆ ಅರಚುತ್ತದೆ, ಇವರು ಎರಡೂ ಕಿವಿ ಮುಚ್ಚಿಕೊಂಡು "ಸಾಕು ಮಾಡೇ" ಎನ್ನುತ್ತಾರೆ. ಈ ಮನೆಯಲ್ಲಿ ನಾನು ಬೇಕೆಂದೇ ಎಬ್ಬಿಸುವ ಸದ್ದು ಇದೊಂದೇ, ಅದನ್ನು ಪೂರ್ತಿಯಾಗಿ ಕೇಳಿಯೇ ಗುಂಡಿ ಬಿಡುತ್ತೇನೆ.